ಸೊಟ್ಟಗೆ ನಿಂತ ನೀರು

ವಿವೇಕಶಾಲಿಯಾದ ವಾಚಕ ಮಹಾಶಯನೇ, ಬನಶಂಕರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ದಂಪತಿಗಳ ಮಾತನ್ನು ಕೇಳಿದಂತೆಯೇ ನಿನ್ನ ಮುಂದಿಡುತ್ತಿದ್ದೇನೆ. ಪತ್ನಿಯು ಪತಿಯ ಮೊಬೈಲಿನಲ್ಲಿ ಒಂದು ಚಿತ್ರವನ್ನು ನೋಡುತ್ತಿದ್ದಳು.

“ರೀ, ಪಕ್ಕದ ಬಿಲ್ಡಿಂಗ್ ನಮ್ಮನೆ ಕಡೆ ವಾಲಿದೆ ಅಂತ ತೋರ್ಸೋಕೇ ಈ ಫೋಟೋ ತೆಗೆದಿದ್ದು. ಇದ್ರಲ್ಲಿ ನೆಟ್ಟಗೆ ನಿಂತಿದೆಯಲ್ಲಾ?”

“ಫೋಟೋನೇ ಸೊಟ್ಟ ಬಂದಿದೆ ಅನ್ಕೊಂಡೆ ಶಿಲ್ಪಾ. ತಿರುಗಿಸಿ ಸರಿ ಮಾಡ್ದೆ.”

“ಕಂಪ್ಲೇಂಟ್ ಜೊತೆ ಇದನ್ನೇ ಕಳಿಸಿದ್ರಾ?”

“ಹೂಂ. ಕಾರ್ಪೊರೇಷನ್ ಎಂಜಿನಿಯರ್ರು ಫೋಟೋ ನೋಡ್ಬಿಟ್ಟು, ಏನೂ ತೊಂದ್ರೆ ಇಲ್ಲ ಅಂದ್ರು.”

“ಮದುವೆ ಆಲ್ಬಂ ಮಾಡೋಕೆ ಕೊಟ್ಟಿದ್ನಾ ನಿಮಗೆ? ಫೋಟೋದಲ್ಲಿ ಬಿಲ್ಡಿಂಗ್ ಹಿಂದೆ ಸಾರಕ್ಕಿ ಕೆರೆ ನೋಡಿ. ನೀರು ಎಲ್ಲಾದ್ರೂ ಹಿಂಗೆ ಇಳಿಜಾರಾಗಿ ನಿಲ್ಲತ್ತಾ?”

ಅವನು ಮೊಬೈಲನ್ನು ಮೆಲ್ಲನೆ ಓರೆ ಮಾಡಿದನು. ಕೆರೆಯ ನೀರು ಸಮಕ್ಕೆ ಬಂದಾಗ ಕಟ್ಟಡವು ವಾಲಿತು.

“ಇಷ್ಟೊಂದಾ?”

“ಪಾಪು ತೊಟ್ಟಿಲು ಆ ಗೋಡೆ ಪಕ್ಕಾನೇ ಇದೆ. ನಿಮ್ಮಮ್ಮ ಈಗ ಮಲಗಿಸ್ತಿರ್ತಾರೆ.”

“ಕಾರ್ಪೊರೇಷನ್ ಆಫೀಸಿಗೆ ಆಮೇಲೆ ಹೋಗೋಣ. ಮೊದ್ಲು ಅಮ್ಮಂಗೆ ಫೋನ್ ಮಾಡು. ಪಾಪುನ ಎತ್ಕೊಂಡು ಹೊರಗೆ ಬರ್ಲಿ.”

ಅವರು ಕಾದಿದ್ದ ಬಸ್ಸು ಬಂದಿತು. ಅದನ್ನು ಬಿಟ್ಟು ಇಬ್ಬರೂ ಆಟೋಗಳ ಕಡೆಗೆ ಓಡಿದರು. ನಾನೂ ಚೀಲವನ್ನು ಕಟ್ಟಿ ಹೆಗಲಿಗೇರಿಸಿ, ದಾರಿಯ ಕಟ್ಟಡಗಳನ್ನು ಒಂದೊಂದಾಗಿ ನೋಡುತ್ತ ತಲಘಟ್ಟಪುರದ ಕಡೆಗೆ ಹೊರಟೆನು.