ಮೊಲಕ್ಕೆ ಅಂತ ಕೇಳಿದ ಸೊಪ್ಪು

ಇಲ್ಲ ನರ್ಸಕ್ಕ, ಕೂರಲ್ಲ. ನನ್ನ ತಂಗಿ ಹೇಳಿದ್ದು ಶುದ್ಧ ಸುಳ್ಳು, ಅಷ್ಟು ಹೇಳಿ ಹೋಗೋಣ ಅಂತ ಬಂದೆ... ಸರಿ, ಕೂತೆ. ನೀರು ಬೇಡ. ನೀವು ನಿಮ್ಮ ಪಾಡಿಗೆ ಗಿಡಕ್ಕೆ ನೀರು ಹಾಕ್ತಾ ಇರಿ, ನಾನು ನನ್ನ ಪಾಡಿಗೆ ಹೇಳ್ತೀನಿ.

ನಿನ್ನೆ ಅವಳ ಹೊಸ ಮನೆ ಊಟಕ್ಕೆ ನಿಮ್ಮನ್ನೂ ಕರೆದಿದ್ಲಲ್ಲ. ಕರೀದೆ ಇರ್ತಾಳಾ, ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಕೊಡಿಸಿದ್ದು ನೀವೇ. ಊಟದ ನಡುವೆ ಎಲ್ಲರ ಮುಂದೆ ಏನಂದ್ಲು? "ನಮ್ಮಕ್ಕ ಪಕ್ಕದ ಮನೆಯಿಂದ ಮೊಲಕ್ಕೆ ಅಂತ ಸೊಪ್ಪು ಬೇಡಿ ತಂದು ನಮ್ಮ ತಟ್ಟೆಗೆ ಹಾಕ್ತಿದ್ಲು. ಮೊಲಾನೂ ಇಲ್ಲ, ಗಿಲಾನೂ ಇಲ್ಲ." ಎಲ್ಲರೂ ನಕ್ರು. ನಿಮ್ಮ ಆಸ್ಪತ್ರೆ ಡಾಕ್ಟರಂತೂ ಕೆಮ್ಮು ಬರೋವರೆಗೂ ನಕ್ಕ. ನೀವೊಬ್ಬರು ನಗಲಿಲ್ಲ, ತಲೆ ತಗ್ಗಿಸಿ ಊಟ ಮಾಡ್ತಾ ಇದ್ರಿ. ನಿಮಗೆ ಕೇಳಿಸಿಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಬೆಳಗಾದ ಮೇಲೆ ಅನ್ನಿಸ್ತು, ಕೇಳಿಸಿದ್ರೆ?

ನಮ್ಮನೆಯವರು ಲಾರಿಯಿಂದ ಬಿದ್ದು ಹಾಸಿಗೆ ಹಿಡಿದಿದ್ದ ಕಾಲ ನಿಮಗೆ ಗೊತ್ತಲ್ಲ. ಆಗಲೇ ಇವಳು ಓದೋಕೆ ಅಂತ ಪೆಟ್ಟಿಗೆ ಹಿಡ್ಕೊಂಡು ಬಂದು ಬಾಗಿಲಲ್ಲಿ ನಿಂತಳು. ಹೋಗು ಅನ್ನೋಕಾಗತ್ತಾ, ಒಡಹುಟ್ಟಿದವಳನ್ನ? ಅದೇ ವಾರ ನಾನು ನಿಮ್ಮ ಬೇಲಿ ಹತ್ರ ಬಂದು, ಗೊಬ್ಬರದ ಗುಂಡಿಗೆ ಹಾಕೋ ಸೊಪ್ಪು ನಮಗೆ ಕೊಡ್ತೀರಾ, ಮಕ್ಕಳು ಮೊಲ ಸಾಕಿದಾರೆ ಅಂತ ಕೇಳಿದ್ದು. ನೆನಪಿದೆಯಾ? ಎರಡು ಮೊಲ, ಎರಡೂ ಬಿಳೀದು. ಹಿತ್ತಲಲ್ಲಿ ಗೂಡಿತ್ತು.

ನಾನು ಬೀಟ್ರೂಟ್ ಸೊಪ್ಪು ಬೇಯಿಸಿ ಹಾಕಿದೆನಂತೆ. ಅದನ್ನ ಬೇಯಿಸೋದು ಹೇಗೆ ಅಂತ ನನಗೇನು ಗೊತ್ತು? ದಂಟು ಬೇರೆ, ಎಲೆ ಬೇರೆ ಮಾಡ್ಬೇಕಂತೆ. ದಂಟು ಮೊದಲು ಬಾಣಲೆಗೆ, ಅದು ಮೆತ್ತಗಾದ ಮೇಲೆ ಎಲೆ. ಇಲ್ದಿದ್ರೆ ಎಲೆ ಕರಗಿ ದಂಟು ಹಾಗೇ ಉಳಿಯತ್ತೆ. ಮೂಲಂಗಿ ಸೊಪ್ಪಾದ್ರೆ ಉಪ್ಪು ಸವರಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿಯಾಗಿ ಹಿಂಡ್ಬೇಕು, ಆ ಒರಟು ಹೋಗತ್ತೆ, ಕಹೀನೂ ಕಮ್ಮಿಯಾಗತ್ತೆ. ಹೂಕೋಸಿನ ಎಲೆಯ ಬಿಳೀ ದಿಂಡು ಬಿಸಾಡಬಾರದು, ಸಣ್ಣಗೆ ಹೆಚ್ಚಿ ಹುರಿದ್ರೆ ಮಕ್ಕಳು ಅದನ್ನೇ ಆರಿಸಿ ತಿಂತವೆ... ಅಂತ ಯಾರೋ ಹೇಳ್ತಿದ್ರು. ಬಸ್ಸಲ್ಲಿ.

ಯಾಕೆ ಹಾಗೆ ನೋಡ್ತೀರ?

ಅವಳು ಸುಳ್ಳು ಹೇಳಿದ್ಲು ಅಂತ ಹೊಟ್ಟೆ ಉರೀತಿಲ್ಲ ನರ್ಸಕ್ಕ. ನನ್ನ ಕೈಯಡುಗೆ ಉಂಡ ಬಾಯಲ್ಲೇ ಹೇಳಿದ್ಲಲ್ಲ. ಎಳೇದೆಲ್ಲ ಆರಿಸಿ ಅವಳ ತಟ್ಟೆಗೆ ಹಾಕ್ತಿದ್ದೆ, ಓದೋ ಹುಡುಗಿ ಅಂತ. ಬಲಿತಿದ್ದು, ನಾರಾಗಿದ್ದು ನನಗೆ... ತರಕಾರಿ ಮಾತು ಹೇಳ್ತಿದೀನಿ. ಅಂಗಡಿ ತರಕಾರಿ. "ಅಕ್ಕ, ಇನ್ನೊಂದು ಸೌಟು ಹಾಕೇ" ಅಂತಿದ್ಲು. ಪರೀಕ್ಷೆ ದಿನ ಅದೇ ಬೇಕು ಅಂತ ಹಟ ಹಿಡಿದಿದ್ಲು. ನಾನು ಅವಳನ್ನ ಕೇಳ್ಕೊಂಡಿದ್ದು ಒಂದೇ ಮಾತು, ಇದು ಅಡುಗೆಮನೆ ಬಾಗಿಲು ದಾಟಬಾರದು, ನಿನ್ನ ಭಾವನಿಗೂ ತಿಳೀಬಾರದು ಅಂತ. ಆಣೆ ಮಾಡಿದ್ಲು... ಇದು ಅಂದ್ರೆ ಯಾವುದು ಅಂತೀರಾ? ಮನೆ ಕಷ್ಟ. ಇನ್ನೇನು?

ನಿನ್ನೆ ನಮ್ಮನೆಯವರು ನನ್ನ ಪಕ್ಕದಲ್ಲೇ ಕೂತಿದ್ರು. ತುತ್ತು ಕೈಯಲ್ಲೇ ಉಳೀತು. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದ್ರು. ಸುಳ್ಳೇ ಆದ್ರೂ, ನಾಲ್ಕು ಜನ ನಕ್ಕಾಗ ಗಂಡಸಿಗೆ ನೋವಾಗಲ್ವಾ? ಅವಳಿಗೆ ಅದೂ ತಮಾಷೆ. ಅಲ್ಲೇ ಅವಳ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ಯಾಕೆ ಹೀಗೆ ಮಾಡಿದೆ ಅಂದ್ರೆ, "ಈಗೇನು, ಕಷ್ಟ ಎಲ್ಲ ಮುಗೀತಲ್ಲ, ನಗಬಾರದಾ?" ಅಂದ್ಲು. ಮುಗಿದಿದ್ದು ಅವಳಿಗೆ.

ಬೇಕಾದ್ರೆ ನನ್ನ ದೊಡ್ಡ ಮಗಳನ್ನ ಕೇಳಿ. ಆ ಕಂದು ಮೊಲಾನ ಎಷ್ಟು ಮುದ್ದು ಮಾಡ್ತಿದ್ಲು... ಬಿಳೀದು ಅಂದ್ನಾ? ಒಂದು ಬಿಳೀದು, ಒಂದು ಕಂದು. ನಗಬೇಡಿ.

ನೀವು ನಗ್ತಿಲ್ಲ.

ಏನಾದ್ರೂ ಹೇಳಿ ನರ್ಸಕ್ಕ. ಬಯ್ಯಿರಿ ಬೇಕಾದ್ರೆ. ಮೊಲ ಏನಾದ್ವು ಅಂತನಾದ್ರೂ ಕೇಳಿ, ಅದಕ್ಕೂ ಉತ್ತರ ಯೋಚಿಸ್ಕೊಂಡೇ ಬಂದಿದೀನಿ. ಅಷ್ಟು ದಿನ ಸೊಪ್ಪು ಕೊಟ್ರಿ, ಎಲ್ಲಿ, ಮೊಲ ತೋರಿಸು ಅಂತ ಒಂದ್ಸಲಾನೂ ಅನ್ನಲಿಲ್ಲ ನೀವು. ಬೇಲಿ ಮೇಲಿಂದ ಕಟ್ಟು ಚಾಚೋರು, ಒಳಗೆ ಹೋಗೋರು. ಮಣ್ಣು ತೊಳೆದು, ಹಳದಿ ಎಲೆ ಕಿತ್ತು, ದಾರ ಸುತ್ತಿ... ಮೊಲಕ್ಕೆ ಯಾರು ತೊಳೆದು ಕೊಡ್ತಾರೆ? ಕಟ್ಟಿನ ಒಳಗೆ ಆಗಾಗ ಒಂದು ಬೆಳ್ಳುಳ್ಳಿ ಗಡ್ಡೆ ಸಿಗ್ತಿತ್ತು. ನಿಮ್ಮ ಕೈತಪ್ಪಿ ಬಂತು ಅಂದ್ಕೊಂಡು ಜಜ್ಜಿ ಒಗ್ಗರಣೆಗೆ ಹಾಕ್ತಿದ್ದೆ.

ಮೊಲ ಬೆಳ್ಳುಳ್ಳಿ ತಿನ್ನಲ್ಲ, ಅಲ್ವಾ?

ಮೊದಲನೇ ದಿನದಿಂದಾನೇ ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ... ಇಷ್ಟು ವರ್ಷ, ಯಾರ ಹತ್ರಾನೂ...