ಗೋಡೆಯ ಮೇಲಿನ ಕೋವಿ

ಅಂಚೆ ಬಸ್ಸಿನಲ್ಲಿ ಹೆಣೆಯುತ್ತ ಕೂತಿದ್ದ ಉರ್ಸಿನಾಳ ಮುಂದಿನ ಸೀಟಿನಲ್ಲಿ ಅವಳಿಗೆ ಗುರುತಿಲ್ಲದ ಅಣ್ಣ ತಂಗಿ ಕೂತಿದ್ದರು. ನಡುವೆ ಕಂಬಳಿ ಸುತ್ತಿದ ಹಳೆಯ ಕೋವಿ. ಉರ್ಸಿನಾ ಹೆಣಿಗೆ ನಿಲ್ಲಿಸಿ ಕಿವಿಗೊಟ್ಟಳು.

“ಸೈನ್ಯದವರು ಮಾರಿದ ಹಳೇ ಮಾಲು ಅಂತ ತಗೊಂಡೆ ಕಣೇ ಫ್ರೇನಿ. ಹಿಡಿಯ ಹಿಂದಿನ ತಗಡು ಬಿಚ್ಚಿದ್ರೆ ಒಳಗೆ ಅಪ್ಪನ ಹೆಸರಿನ ಚೀಟಿ!”

“ಸಿಪಾಯಿಗಳೆಲ್ಲ ತಮ್ಮ ಕೋವಿಯಲ್ಲಿ ಹೆಸರಿನ ಚೀಟಿ ಇಡ್ತಿದ್ರು ಬಿಡು. ಆದ್ರೆ ಸೈನ್ಯ ಅಪ್ಪನಿಗೆ ಕೊಟ್ಟ ಕೋವಿ ನಮ್ಮನೆ ಗೋಡೆ ಮೇಲಿದೆಯಲ್ಲೋ?”

“ಅದನ್ನೂ ಬಿಚ್ಚಿದೆ. ಅದರಲ್ಲಿ ಅಲೋಯಿಸ್ ಮಾವನ ಹೆಸರಿದೆ.”

“ಅಯ್ಯೋ, ತಲೆನೇ ಓಡ್ತಿಲ್ಲ. ಗುರಿ ಹೊಡೆಯೋ ಪಂದ್ಯದ ದಿನ, ತಮ್ಮ ಸರದಿಗೆ ಮುಂಚೆ ಊಟಕ್ಕೆ ಹೋಗುವಾಗ ಎಲ್ಲರೂ ಕೋವಿ ಒಟ್ಟಿಗೆ ಒರಗಿಸ್ತಿದ್ರಲ್ಲ, ಅಲ್ಲೇ ಅದಲುಬದಲಾಯ್ತಾ? ಇಲ್ಲಾ ಅಪ್ಪನೇ ಬೇಕಂತ...”

“ಯಾರಿಗ್ಗೊತ್ತು? ಅಪ್ಪ ಈಗ ಇಲ್ಲವಲ್ಲ ಕೇಳೋಕೆ.”

“ಅವತ್ತು ಅಪ್ಪ ಪದಕ ಗೆದ್ದಿದ್ದು ಗೋಡೆ ಮೇಲಿನದರಲ್ಲೇ ತಾನೇ?”

“ಹೂಂ. ಮಾವ ಸೋತು, ‘ನನ್ನ ಕೋವಿನೇ ಕೈಕೊಡ್ತು’ ಅಂತ ಶಪಿಸಿ ಇದನ್ನ ಸೈನ್ಯಕ್ಕೆ ವಾಪಸ್ ಕೊಟ್ರು. ಆಮೇಲೆ ಕೋವಿ ಮುಟ್ಟಲೇ ಇಲ್ಲ.”

ಬಸ್ಸು ನಿಂತಿತು. ಅಣ್ಣ ಏಳಹೊರಟ. ತಂಗಿ ಅವನ ತೋಳು ಹಿಡಿದೆಳೆದಳು.

“ಕೂತ್ಕೋ. ಮಾವನ ಮನೆ ಇರೋದು ಮುಂದಿನ ಸ್ಟಾಪಲ್ಲಿ.”

“ಹೋಗಿ ಏನಂತ ಹೇಳೋದೇ?”

ಅವಳು ಉತ್ತರ ಕೊಟ್ಟದ್ದು ಮುಂದಿನ ಸ್ಟಾಪಿನಲ್ಲಿ, ಮೆಟ್ಟಿಲಿಳಿಯುತ್ತ.

“ನಿಮ್ಮ ಕೋವಿ ಕೈಕೊಟ್ಟಿಲ್ಲ ಮಾವ, ಅಪ್ಪನ ಕೈಲಿ ಗೆದ್ದಿದ್ದೇ ಅದು ಅಂತ.”