ಮಾವನಿಗೆ ಕೂಗದ ಜೋಡಿಗಣ್ಣು

ಮಳೆ ಬಿಡುವ ಲಕ್ಷಣವಿರಲಿಲ್ಲ. ನಾನು ದರ್ಜಿ ಅಂಗಡಿಗೆ ಹೋದದ್ದೇ ಜಗಳವಾಡಲಿಕ್ಕೆ. ಹೊಸ ಕೋಟಿನ ಎಡತೋಳು ಅರ್ಧ ಬೆರಳು ಉದ್ದವಾಗಿತ್ತು. ಅಂಗಡಿ ನಡೆಸುವ ಹೆಣ್ಣುಮಗಳು ಕೋಟನ್ನು ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಹಾಸಿ "ನೋಡೋಣ ಬಿಡಿ ಸಾರ್" ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಸಂಜೆ ಇನ್ನೂ ಆರು ಗಂಟೆ, ಆದರೂ ಮೋಡ ಕವಿದು ಒಳಗೆಲ್ಲ ಕತ್ತಲಾಗಿತ್ತು. ಬಾಗಿಲ ಬಳಿಯ ಬೆಂಚಿನಲ್ಲಿ ನಾವು ನಾಲ್ವರು ಸೇರಿದೆವು: ನಾನು, ಆಕೆ, ಮಳೆಗೆ ಸಿಕ್ಕಿ ಒಳಗೆ ಬಂದ ಪಕ್ಕದ ಔಷಧಿ ಅಂಗಡಿಯವರು, ಮತ್ತು ಗೋಡೆಯ ಸೆನ್ಸರುಗಳಿಗೆ ಬ್ಯಾಟರಿ ಬದಲಾಯಿಸಲು ಬಂದಿದ್ದ ಮುದುಕರು. ನಲವತ್ತು ವರ್ಷ ಮನೆ ಅಂಗಡಿಗಳಿಗೆ ಕಳ್ಳರ ಅಲಾರಂ ಕೂರಿಸಿದ ಅವರನ್ನು ಬೀದಿಯವರೆಲ್ಲ ಸೆನ್ಸರ್ ಅಜ್ಜ ಎಂದೇ ಕರೆಯುತ್ತಾರೆ.

"ಅಜ್ಜಾ, ನನ್ನ ಅಂಗಡಿಗೂ ಒಂದು ಹಾಕಿಸ್ಬೇಕು. ಯಾವುದು ತಗೊಳ್ಲಿ?" ಎಂದು ಔಷಧಿ ಅಂಗಡಿಯವರು ಕೇಳಿದರು.

"ಅದಕ್ಕೆ ಒಂದು ಕತೆ ಹೇಳ್ಬೇಕಾಗುತ್ತೆ" ಎಂದು ಅಜ್ಜ ಗಂಟಲು ಸರಿಮಾಡಿಕೊಂಡರು. ಆ ಮಳೆಯಲ್ಲಿ ನಾವಾದರೂ ಎಲ್ಲಿಗೆ ಹೋಗಬೇಕು? ಹತ್ತಿರ ಸರಿದು ಕುಳಿತೆವು.

"ನೋಡಿ, ಸೆನ್ಸರು ಕೇಳೋದು ಎರಡೇ ಪ್ರಶ್ನೆ. ಮೈ ಬೆಚ್ಚಗಿದೆಯಾ? ಅಲುಗಾಡ್ತಿದೆಯಾ? ಮೊದಲನೇದು ಕೇಳೋದು ಬಿಸಿಗಣ್ಣು, ಎರಡನೇದು ಕೇಳೋದು ನಡೆಗಣ್ಣು. ಹೆಸರು ನಾನೇ ಇಟ್ಟಿದ್ದು, ಡಬ್ಬಿ ಮೇಲೆ ಬೇರೆ ಏನೋ ಬರೆದಿರುತ್ತೆ ಬಿಡಿ. ಬಿಸಿಗಣ್ಣಿಗೆ ಕಿಟಕಿಯಿಂದ ಬಿಸಿಲು ಬಿದ್ರೂ ಕಳ್ಳ ಬಂದ ಅನ್ಸುತ್ತೆ. ನಡೆಗಣ್ಣಿಗೆ ಫ್ಯಾನ್ ಗಾಳಿಗೆ ಪರದೆ ಅಲ್ಲಾಡಿದ್ರೆ ಸಾಕು, ಬೀದಿಗೆ ಬೀದೀನೇ ಎಬ್ಬಿಸುತ್ತೆ. ಎರಡೂ ಒಂದೇ ಡಬ್ಬೀಲಿರೋದು ಜೋಡಿಗಣ್ಣು. ಗಂಡ ಹೆಂಡತಿ ಇದ್ದ ಹಾಗೆ... ಇಬ್ರೂ ಹೌದು ಅಂದ್ರೆ ಮಾತ್ರ ಕೂಗೋದು. ಅಂಥ ಗಂಡ ಹೆಂಡತೀನ ನಾನು ಡಬ್ಬಿ ಒಳಗೆ ಮಾತ್ರ ನೋಡಿದೀನಿ.

"ಇಪ್ಪತ್ತು ವರ್ಷದ ಹಿಂದಿನ ಮಾತು. ಈ ಅಂಗಡೀನ ಆಗ ಇವಳ ಅಮ್ಮ ನೋಡ್ಕೋತಿದ್ರು. ಅವರ ಮಾವ, ಅಂಗಡಿ ಕಟ್ಟಿದ ದೊಡ್ಡ ಯಜಮಾನ್ರು, ತೀರಿಕೊಂಡು ಒಂದು ವರ್ಷ ಆಗಿತ್ತು. ಬಟ್ಟೆ ಕತ್ತರಿಸ್ತಿದ್ದೋರು ಮಾಸ್ಟ್ರು, ಯಜಮಾನ್ರ ಕೈಕೆಳಗೇ ಕತ್ತರಿ ಹಿಡಿದು ಇಪ್ಪತ್ತೇಳು ವರ್ಷ ಇಲ್ಲೇ ಸವೆದೋರು. ಮಧ್ಯಾಹ್ನ ಒಂದರಿಂದ ಎರಡು, ಊಟಕ್ಕೆ ಬೀಗ. ಒಂದು ದಿನ ಶುರುವಾಯ್ತು ನೋಡಿ... ಊಟ ಮುಗಿಸಿ ಬಂದು ಬೀಗ ತೆಗೆದ್ರೆ, ಬೀರುವಿನಲ್ಲಿದ್ದ ಯಜಮಾನ್ರ ಕಾಗದದ ಅಚ್ಚುಗಳೆಲ್ಲ ಟೇಬಲ್ ಮೇಲೆ ಹರಡಿಕೊಂಡಿರ್ತಿದ್ವು. ಕೋಟು ಕತ್ತರಿಸೋಕೆ ಬಟ್ಟೆ ಮೇಲೆ ಇಟ್ಕೊಳ್ಳೋ ಅಚ್ಚುಗಳು, ಅಂಗಡಿ ಆಸ್ತಿ ಅಂದ್ರೆ ಅವೇ. ಬೀಗದ ಕೈ ಇದ್ದದ್ದು ಇಬ್ರ ಹತ್ರ, ಅಮ್ಮಾವ್ರು ಮತ್ತೆ ಮಾಸ್ಟ್ರು. ಅಮ್ಮಾವ್ರಿಗೆ ಏನನ್ಸ್ಬೇಕು ಹೇಳಿ? ಮಾಸ್ಟ್ರು ಊಟದ ಹೊತ್ತಲ್ಲಿ ಕದ್ದು ಬಂದು, ಅಚ್ಚು ನಕಲು ಮಾಡ್ಕೊಂಡು, ಹಿಂದಿನ ಬೀದಿಯ ಹೊಸ ದರ್ಜಿಗೆ ಕೊಡ್ತಿದಾರೆ ಅಂತ.

"ಆ ಮಾತು ಕೇಳಿ ಮಾಸ್ಟ್ರು 'ಸೆನ್ಸರ್ ಹಾಕ್ಸಿ ತಾಯಿ, ನನ್ನ ಮರ್ಯಾದೆ ಅದೇ ಉಳಿಸ್ಲಿ' ಅಂದ್ರು. ಅಮ್ಮಾವ್ರು ನನ್ನನ್ನ ಕರೆಸಿದ್ರು. ನಾನೋ, ನನ್ನಷ್ಟು ತಿಳಿದೋರು ಯಾರೂ ಇಲ್ಲ ಅನ್ನೋ ಕೊಬ್ಬಿನಲ್ಲಿ, ಯೋಚನೆ ಮಾಡದೆ ಒಂದು ಬಿಸಿಗಣ್ಣು ಜಡಿದು ಹೋದೆ. ಮೂರು ದಿನ... ಅಲಾರಂ ಕಮಕ್ ಕಿಮಕ್ ಅನ್ಲಿಲ್ಲ. ಅಚ್ಚುಗಳು ಮಾತ್ರ ದಿನಾ ಟೇಬಲ್ ಮೇಲೆ. ಅಮ್ಮಾವ್ರ ಅನುಮಾನ ಇನ್ನೂ ಗಟ್ಟಿಯಾಯ್ತು. ಅಲಾರಂ ಆರಿಸೋ ಗುಟ್ಟಿನ ನಂಬರು ಮಾಸ್ಟ್ರಿಗೂ ಗೊತ್ತಿತ್ತಲ್ಲ? 'ಶನಿವಾರದ ಮೇಲೆ ಬರ್ಬೇಡಿ' ಅಂದುಬಿಟ್ರು.

"ಮಾಸ್ಟ್ರು ನನ್ನ ಹತ್ರ ಬಂದು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 'ಶನಿವಾರ ಇನ್ನೊಂದು ಸಲ ನೋಡಿ' ಅಂತ ಹೇಳಿ ಹೋದ್ರು. ನಾನು ಕೂರಿಸಿದ ಕಣ್ಣು ಕುರುಡಾಗಿ ಒಬ್ಬ ಒಳ್ಳೇ ಮನುಷ್ಯನ ಹೆಸರು ಕೆಡ್ತಿದೆಯಲ್ಲ ಅಂತ ಆ ರಾತ್ರಿ ಊಟಾನೇ ಸೇರ್ಲಿಲ್ಲ.

"ಶನಿವಾರ ಎರಡು ಜೋಡಿಗಣ್ಣು ತಂದೆ. ಒಂದು ಬೀರುವಿನ ಮೇಲಿನ ಗೋಡೆಗೆ, ಒಂದು ಟೇಬಲ್ ಮೇಲಿನ ಗೋಡೆಗೆ, ಅಲ್ಲಿಂದ ಆಚೆ ನೋಡದ ಹಾಗೆ ತಿರುಪು ಬಿಗಿದೆ. ಫ್ಯಾನ್ ಆರಿಸಿದೆ, ಇಸ್ತ್ರಿ ಪೆಟ್ಟಿಗೆ ತಣ್ಣಗಾಗೋವರೆಗೂ ಕಾದೆ, ಪರದೆ ಬಿಚ್ಚಿಟ್ಟೆ, ಬೆಕ್ಕುಗಿಕ್ಕು ಇದೆಯಾ ಅಂತ ಟೇಬಲ್ ಕೆಳಗೆ ತೂರಿ ತಲೆ ಬೇರೆ ಹೊಡೆಸ್ಕೊಂಡೆ. ಬೀಗ ಹಾಕಿ ಮೂರು ಜನಾನೂ ಹೊರಗೆ, ಇದೇ ಗಾಜಿನ ಬಾಗಿಲ ಮುಂದೆ ಕೂತ್ವಿ. ಆ ಕಡೆ ಅಮ್ಮಾವ್ರು, ಈ ಕಡೆ ನಾನು, ನಡುವೆ ಮಾಸ್ಟ್ರು. ಬಿಸಿ ಕಂಡ್ರೆ ಕೆಂಪು ದೀಪ, ನಡೆದಾಟ ಕಂಡ್ರೆ ಹಸಿರು ಅಂತ ಮೊದಲೇ ಹೇಳಿಕೊಟ್ಟಿದ್ದೆ. ಒಂದೂಕಾಲು... ಒಂದೂವರೆ... ಬೀರುವಿನ ಮೇಲೆ ಹಸಿರು ಹತ್ತಿತು. ಕೆಂಪಿಲ್ಲ. ಬೀರುವಿನ ಬಾಗಿಲು ಮೆಲ್ಲಗೆ ತೆರ್ಕೊಳ್ತು. ಆಮೇಲೆ ಟೇಬಲ್ ಮೇಲೆ ಹಸಿರು. ಅಲ್ಲೂ ಕೆಂಪಿಲ್ಲ. ಓಡಾಡ್ತಿದೆ, ಆದ್ರೆ ಮೈ ಬೆಚ್ಚಗಿಲ್ಲ... ಅಂಥದ್ದು ಏನಿರುತ್ತೆ ಹೇಳಿ? ಆ ಬಿರುಬಿಸಿಲಲ್ಲಿ ನನ್ನ ಹಲ್ಲು ಕಟಕಟ ಅಂತಿತ್ತು.

"ದೀಪ ಆರಿದ ಮೇಲೆ ಒಳಗೆ ಹೋದ್ವಿ. ಬೆಳಿಗ್ಗೆ ಮಾಸ್ಟ್ರು ಗುರುತು ಹಾಕಿಟ್ಟಿದ್ದ ಕೋಟಿನ ತೋಳಿನ ಮೇಲೆ ಸೀಮೆಸುಣ್ಣದ ಹೊಸ ಗೆರೆ. ಗೆರೆ ಕೊನೇಲಿ, ಅಕ್ಷರಕ್ಕೆ ಕೊಂಬು ಕೊಟ್ಟ ಹಾಗೆ, ಸಣ್ಣ ಸುಳಿ. ಮಾಸ್ಟ್ರು ಅದರ ಮೇಲೆ ಬೆರಳಿಟ್ಟು 'ಇದು ಯಜಮಾನ್ರ ಕೈ. ಗೆರೆಗೆ ಕೊಂಬು ಕೊಡ್ತಿದ್ದೋರು ಅವರೊಬ್ರೇ. ಕಣ್ಣು ಮಂಜಾಗಿ ನಾನು ಅರ್ಧ ಬೆರಳು ತಪ್ಪಿದ್ದೆ, ಅಚ್ಚು ತೆಗೆದಿಟ್ಟು ತಿದ್ದಿದಾರೆ' ಅಂದ್ರು. ಅಮ್ಮಾವ್ರು ಯಜಮಾನ್ರು ಕೂರ್ತಿದ್ದ ಖಾಲಿ ಕುರ್ಚಿ ಕಡೆ ತಿರುಗಿ 'ಮಾವ, ಇದನ್ನ ಇದ್ದಾಗಲೇ ಹೇಳಿಕೊಡ್ಬಾರ್ದಿತ್ತಾ?' ಅಂದ್ರೆ, ಮಾಸ್ಟ್ರು 'ಇದ್ದಾಗ ಹೇಳದ ದಿನ ಯಾವ್ದಿತ್ತಮ್ಮಾ?' ಅಂದ್ರು. ಮೂವರೂ ನಕ್ಕಿದ್ದೇ ನಕ್ಕಿದ್ದು. ನಗ್ತಾ ನಗ್ತಾನೇ ಅಮ್ಮಾವ್ರಿಗೆ ಅಳು ಬಂತು. 'ತಪ್ಪಾಯ್ತು ಮಾಸ್ಟ್ರೇ' ಅಂತ ತಾವೇ ಕತ್ತರಿ ತಂದು ಅವರ ಕೈಗೆ ಕೊಟ್ರು.

"ಯಾವ ಕಣ್ಣು ಉಳಿಸ್ಲಿ ಅಂತ ನಾನು ಕೇಳ್ದೆ. ಬರೀ ನಡೆಗಣ್ಣು ಹಾಕಿದ್ರೆ ದಿನಾ ಮಧ್ಯಾಹ್ನ ಬೀದಿಯೋರೆಲ್ಲ ಓಡಿ ಬರ್ಬೇಕು. ಬರೀ ಬಿಸಿಗಣ್ಣು ಅಂದ್ರೆ ಇಸ್ತ್ರಿ ಪೆಟ್ಟಿಗೆಗೆಲ್ಲ ಹೆದರುತ್ತೆ. ಅಮ್ಮಾವ್ರು ಒಂದು ಗಳಿಗೆ ಯೋಚನೆ ಮಾಡಿ 'ಜೋಡಿಗಣ್ಣೇ ಇರ್ಲಿ. ಕಳ್ಳ ಬಂದ್ರೆ ಕೂಗ್ಲಿ, ಮಾವ ಬಂದ್ರೆ ಸುಮ್ನಿರ್ಲಿ' ಅಂದ್ರು. ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಸೆನ್ಸರ್ ಆಯ್ಕೆ ಮಾಡಿದೋರನ್ನ ನಾನು ಕಂಡಿಲ್ಲ."

ಔಷಧಿ ಅಂಗಡಿಯವರು ನಕ್ಕರು. "ಹಾಗಾದ್ರೆ ನನಗೆ ನಡೆಗಣ್ಣೇ ಸಾಕು. ನಮ್ಮ ಅಂಗಡೀಲಿ ಅಂಥವರು ಯಾರೂ ಇಲ್ಲ."

"ಹಸಿರು ದೀಪ ನೋಡದೆ ಹೇಗೆ ಹೇಳ್ತೀರಿ?" ಎಂದರು ಅಜ್ಜ. ಔಷಧಿ ಅಂಗಡಿಯವರ ನಗು ಅರ್ಧಕ್ಕೇ ನಿಂತಿತು. ಅಜ್ಜ ಮುಂದುವರಿಸಿದರು: "ಇಲ್ಲೇ ನೋಡಿ. ಮಾಸ್ಟ್ರೂ ಹೋದ ವರ್ಷ ತೀರಿಕೊಂಡ್ರು. ಅಲ್ಲೀವರೆಗೆ ಒಂದು ಸಲಕ್ಕೆ ಒಂದೇ ದೀಪ ಹತ್ತುತ್ತಿತ್ತು... ಈಗ ಸ್ವಲ್ಪ ಹೊತ್ತು ಯಾರೂ ಮಾತಾಡ್ಬೇಡಿ. ಮಾತು ನಿಂತ್ರೆ ಅಂಗಡಿ ಖಾಲಿ ಅಂದ್ಕೋತಾರೆ."

ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಕತ್ತಲೆಯಲ್ಲಿ ಬೀರುವಿನ ಮೇಲೆ ಒಂದು ಹಸಿರು ಚುಕ್ಕೆ ಹತ್ತಿತು. ಅದು ಆರುವ ಮೊದಲೇ ಟೇಬಲ್ಲಿನ ಮೇಲೂ ಇನ್ನೊಂದು ಹತ್ತಿತು. ನಾನು ಬೆಂಚಿನವರನ್ನು ಎಣಿಸಿದೆ. ನಾಲ್ವರೂ ಇದ್ದೆವು.

ಕರೆಂಟು ಬಂತು. ಟೇಬಲ್ಲಿನ ಮೇಲಿದ್ದ ನನ್ನ ಕೋಟಿನ ಎಡತೋಳಿನ ಮೇಲೆ ಸೀಮೆಸುಣ್ಣದ ಎರಡು ಗೆರೆಗಳಿದ್ದವು. ಒಂದರ ಕೊನೆಗೆ ಕೊಂಬಿತ್ತು. ಅದರಿಂದ ಸ್ವಲ್ಪ ಕೆಳಗೆ ಎಳೆದ ಇನ್ನೊಂದಕ್ಕೆ ಇರಲಿಲ್ಲ. ಜಗಳವಾಡಲು ಬಂದಿದ್ದ ನಾನು ಎರಡನ್ನೂ ಬೆರಳಿನಿಂದ ಅಳೆದು ನೋಡಿದೆ. ಅಂಗಡಿಯಾಕೆ ಬಗ್ಗಿ ನೋಡಿ, ದಿನವೂ ಇದ್ದದ್ದೇ ಎಂಬಂತೆ ತಲೆಯಾಡಿಸಿದಳು.

"ಇಬ್ರಿಗೂ ಇನ್ನೂ ಒಪ್ಪಿಗೆ ಆಗಿಲ್ಲ ಸಾರ್" ಎಂದರು ಅಜ್ಜ, ಹಳೆಯ ಬ್ಯಾಟರಿಗಳನ್ನು ಚೀಲಕ್ಕೆ ತುಂಬುತ್ತ. "ಕೋಟು ಇಲ್ಲೇ ಬಿಟ್ಟು ಹೋಗಿ. ನಾಳೆ ಊಟದ ಹೊತ್ತಿಗೆ ತೀರ್ಮಾನ ಮಾಡ್ತಾರೆ."